ಕಾಡು ಹೋಯಿತೋ, ಕಡಿದರೋ

ಇಂಗ್ಲಿಷಿನ ಪರಿಸರ ವರದಿಗಳಲ್ಲಿ ‘ಡ್ರೈವರ್’ ಎಂಬ ಪದ ಪುಟಪುಟಕ್ಕೂ ಬರುತ್ತದೆ. ಕಾಡು ಕಡಿಮೆಯಾಗುವುದಕ್ಕೆ ಏನೇನು ಕಾರಣವೋ ಅವೆಲ್ಲ ಅಲ್ಲಿ ಡ್ರೈವರ್‌ಗಳು. ನಮಗೆ ಡ್ರೈವರ್ ಎಂದರೆ ಬಸ್ಸಿನ ಸ್ಟೇರಿಂಗ್ ಹಿಡಿದು ಕೂತವನು. ‘ಚಾಲಕಶಕ್ತಿ’ ಎಂದು ಬರೆದರೆ ವಿದ್ಯುತ್ ಇಲಾಖೆಯ ಪ್ರಕಟಣೆಯ ಹಾಗೆ ಕೇಳುತ್ತದೆ. ‘ಪ್ರೇರಕ’ ಎಂದರೆ ಯಾರೋ ಕಿವಿಯಲ್ಲಿ ಊದಿ ಕಳಿಸಿದ ಹಾಗೆ. ಉಪಗ್ರಹದ ಮಾಹಿತಿಯಿಂದ ಕಾಡಿನ ನಷ್ಟವನ್ನು ಅಳೆಯುವ ಬಗ್ಗೆ ಒಂದು ಉದ್ದನೆಯ ವರದಿಯನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಾಗ ನಾನು ಮೊದಲ ಎರಡು ದಿನ ಈ ಒಂದು ಪದದ ಜೊತೆಗೇ ಕಳೆದೆ. ಕೊನೆಗೆ ‘ಕಾರಣ’ ಎಂದೇ ಹಾಕಿದೆ. ಅನುವಾದಕರಿಗೆ ಪುಟದ ಲೆಕ್ಕದಲ್ಲಿ ದುಡ್ಡು, ಯೋಚನೆಯ ಲೆಕ್ಕದಲ್ಲಿ ಅಲ್ಲ.

ಎರಡನೆಯ ತೊಡಕು ‘ಲಾಸ್’. ನಷ್ಟ, ನಾಶ, ಇಳಿಕೆ, ಅಳಿವು ಎಂದು ಪದಗಳೇನೋ ಸಾಕಷ್ಟಿವೆ. ಆದರೆ ‘ನಾಶ’ ಎಂದ ಕೂಡಲೇ ಅದನ್ನು ಮಾಡಿದವನೊಬ್ಬ ಹಿಂದೆ ನಿಂತಿರುತ್ತಾನೆ. ‘ನಷ್ಟ’ಕ್ಕೆ ಅಂಥವನು ಬೇಕಿಲ್ಲ, ಅದು ಆಗುತ್ತದೆ ಅಷ್ಟೆ. ಭಾಷಾವಿಜ್ಞಾನ ಓದಿದವಳ ಚಟವೋ ಏನೋ, ನನಗೆ ಇಡೀ ವಿಷಯ ಎರಡು ಕ್ರಿಯಾಪದಗಳಾಗಿ ಕಾಣತೊಡಗಿತು. ‘ಕಾಡು ಹೋಯಿತು’ ಎನ್ನಬಹುದು, ‘ಕಾಡು ಕಡಿದರು’ ಎನ್ನಬಹುದು. ಎರಡನೆಯದರಲ್ಲಿ ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದದ ಬಾಲದಲ್ಲಿ ‘ಅರು’ ಉಳಿದುಕೊಳ್ಳುತ್ತದೆ. ಯಾರೋ ಮನುಷ್ಯರು, ಒಬ್ಬರಿಗಿಂತ ಹೆಚ್ಚು. ಅಥವಾ ಒಬ್ಬರೇ, ಆದರೆ ಗೌರವಸ್ಥರು. ಉಪಗ್ರಹಕ್ಕೆ ಗೊತ್ತಿರುವುದು ಮೊದಲನೆಯ ವಾಕ್ಯ ಮಾತ್ರ.

ಅದು ನೋಡುವ ರೀತಿಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಈ ಸರಣಿಯ ಈಗಿನ ಒಂದೊಂದು ಉಪಗ್ರಹವೂ 16 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬಂದು ಚಿತ್ರ ತೆಗೆಯುತ್ತದೆ. ಕಾಡಿನ ಲೆಕ್ಕಕ್ಕೆ ಬಳಸುವ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕ, ಎಂದರೆ ಕಾಲು ಎಕರೆಗಿಂತ ಸ್ವಲ್ಪ ಕಡಿಮೆ. 2008ರಲ್ಲಿ ಈ ಇಡೀ ಚಿತ್ರಭಂಡಾರವನ್ನು ಯಾರು ಬೇಕಾದರೂ ಪುಕ್ಕಟೆ ಬಳಸುವಂತೆ ತೆರೆದರು. ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ಸಂಗಡಿಗರು ಆರೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ, 2013ರಲ್ಲಿ ಇಡೀ ಭೂಮಿಯ ಒಂದು ನಕ್ಷೆ ಪ್ರಕಟಿಸಿದರು. 2000ದಿಂದ 2012ರ ನಡುವೆ 23 ಲಕ್ಷ ಚದರ ಕಿಲೋಮೀಟರ್ ಮರದ ಹೊದಿಕೆ ಹೋಗಿತ್ತು, 8 ಲಕ್ಷ ಚದರ ಕಿಲೋಮೀಟರ್ ಹೊಸದಾಗಿ ಬಂದಿತ್ತು. ಗಮನಿಸಿ, ಅಲ್ಲಿರುವುದು ‘ಮರದ ಹೊದಿಕೆ’, ‘ಕಾಡು’ ಅಲ್ಲ. ಐದು ಮೀಟರಿಗಿಂತ ಎತ್ತರ ಬೆಳೆದದ್ದೆಲ್ಲ ಅವರ ಲೆಕ್ಕದಲ್ಲಿ ಮರ. ಒಂದು ಚೌಕದ ಮರಗಳೆಲ್ಲ ಹೋದರೆ ಆ ವರ್ಷದ ನಷ್ಟ. ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ತಾಣದಲ್ಲಿ ಇದೇ ಮಾಹಿತಿ ಗುಲಾಬಿ ಚುಕ್ಕೆಗಳಾಗಿ ಸಿಗುತ್ತದೆ. ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ನನ್ನ ಮನೆ ಹುಡುಕಿದೆ.

ನನ್ನ ಮನೆ ಗೋರೆಗಾಂವ್ ಪೂರ್ವದಲ್ಲಿ. ಸಿದ್ದಾಪುರದ ಹಳ್ಳಿಯಿಂದ ಬ್ಯಾಂಕಿನ ಕೆಲಸಕ್ಕೆಂದು ಬಂದ ಅಪ್ಪ ಇಲ್ಲೇ ನಿಂತರು. ಆರೆ ಹಾಲಿನ ಕಾಲೊನಿಯ ಗೇಟು ರಿಕ್ಷಾದ ಕನಿಷ್ಠ ಬಾಡಿಗೆಯ ದೂರ. ಆರೆ 1949ರಲ್ಲಿ ಹುಟ್ಟಿದ್ದು ಬೊಂಬಾಯಿಯ ಎಮ್ಮೆಗಳನ್ನು ಊರ ಹೊರಗೆ ಕಟ್ಟುವುದಕ್ಕೆ. ಸುಮಾರು 1,287 ಹೆಕ್ಟೇರ್ ನೆಲ, ದನದ ಕೊಟ್ಟಿಗೆಗಳು, ಹುಲ್ಲುಗಾವಲು, 27 ಆದಿವಾಸಿ ಪಾಡಗಳು, ಉತ್ತರಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಎರಡರ ನಡುವೆ ಗಡಿ ಕೇಳದೆ ಓಡಾಡುವ ಚಿರತೆಗಳು. ನಮ್ಮ ಶಾಲೆಯ ಪಿಕ್ನಿಕ್ ಎಂದರೆ ವರ್ಷವೂ ಅಲ್ಲಿನ ‘ಛೋಟಾ ಕಾಶ್ಮೀರ್’. ಕಾಶ್ಮೀರ ಎಂದರೆ ಇಷ್ಟೇನೇ ಎಂದು ಬಹಳ ವರ್ಷ ತಿಳಿದಿದ್ದೆ.

ಅಲ್ಲಿ 2019ರಲ್ಲಿ ನಡೆದದ್ದು ದೇಶಕ್ಕೆಲ್ಲ ಗೊತ್ತು. ಮೆಟ್ರೊ ಮೂರನೆಯ ಮಾರ್ಗದ ರೈಲುಗಳನ್ನು ನಿಲ್ಲಿಸುವ ಕಾರ್ ಶೆಡ್ಡಿಗೆ 33 ಹೆಕ್ಟೇರ್ ಗುರುತಿಸಲಾಗಿತ್ತು. ಅಕ್ಟೋಬರ್ 4ರ ಶುಕ್ರವಾರ ಬಾಂಬೆ ಹೈಕೋರ್ಟ್, ಆರೆಯನ್ನು ಅರಣ್ಯವೆಂದು ಘೋಷಿಸಬೇಕೆಂಬ ಬೇಡಿಕೆಯೂ ಸೇರಿದಂತೆ ಅರ್ಜಿಗಳನ್ನು ತಳ್ಳಿಹಾಕಿತು. ಅದೇ ರಾತ್ರಿ ಗರಗಸಗಳು ಬಂದವು. ಸುದ್ದಿ ವಾಟ್ಸಪ್ಪಿನಲ್ಲಿ ಹರಡಿ ಜನ ಓಡಿಹೋದರು, ನಿಷೇಧಾಜ್ಞೆ ಬಂತು, 29 ಮಂದಿಯ ಬಂಧನವಾಯಿತು. ಸೋಮವಾರ ಸುಪ್ರೀಂ ಕೋರ್ಟು ತಡೆಯುವ ಹೊತ್ತಿಗೆ 2,141 ಮರಗಳು ಉರುಳಿದ್ದವು. ಬೇಕಾದಷ್ಟು ಕಡಿದಾಗಿದೆ, ಇನ್ನು ಕಡಿಯುವುದಿಲ್ಲ ಎಂದು ಸರ್ಕಾರದ ವಕೀಲರು ಕೋರ್ಟಿಗೆ ಹೇಳಿದರು. ಆ ಮೇಲಿನದು ಸರ್ಕಾರಗಳ ಹಗ್ಗಜಗ್ಗಾಟ. 2020ರಲ್ಲಿ ಶೆಡ್ಡು ಕಾಂಜೂರ್‌ಮಾರ್ಗಕ್ಕೆ ಹೋಯಿತು, ಆರೆಯ ಸುಮಾರು 800 ಎಕರೆ ಕಾಯ್ದಿಟ್ಟ ಅರಣ್ಯವಾಗುವುದೆಂಬ ಘೋಷಣೆ ಬಂತು. 2022ರಲ್ಲಿ ಸರ್ಕಾರ ಬದಲಾಗಿ ಶೆಡ್ಡು ಮರಳಿ ಆರೆಗೇ ಬಂತು.

33 ಹೆಕ್ಟೇರ್ ಎಂದರೆ ಉಪಗ್ರಹದ ಸುಮಾರು 365 ಚೌಕಗಳು. ಅವುಗಳಲ್ಲೂ ಎಲ್ಲ ಕಡೆ ಮರಗಳಿರಲಿಲ್ಲ. 2,141 ಎಂಬ ಸಂಖ್ಯೆ, ಆ ರಾತ್ರಿಯ ಕೂಗಾಟ, ಪೊಲೀಸ್ ವ್ಯಾನುಗಳು, ಮೊದಲೇ ಎಬ್ಬಿಸಿದ ಪ್ರಜಾಪುರಪಾಡದ ಮನೆಗಳು, ಇವೆಲ್ಲಕ್ಕೂ ನಕ್ಷೆಯಲ್ಲಿ ಸಿಗುವುದು ಉಗುರಿನಷ್ಟು ಜಾಗ. ಇದು ಉಪಗ್ರಹದ ತಪ್ಪಲ್ಲ. ಅಮೆಜಾನಿನ ಅಳತೆಗೆ ಹೊಲಿದ ಅಂಗಿಯನ್ನು ಗೋರೆಗಾಂವಿಗೆ ತೊಡಿಸಿದರೆ ಹೀಗೇ ಆಗುತ್ತದೆ.

ಅಮೆಜಾನಿನಲ್ಲಿ ಈ ವಿದ್ಯೆ ನಿಜಕ್ಕೂ ಕೆಲಸ ಮಾಡಿದೆ. ಬ್ರೆಜಿಲ್ಲಿನ ಬಾಹ್ಯಾಕಾಶ ಸಂಸ್ಥೆ 1988ರಿಂದ ಪ್ರತಿವರ್ಷ ತನ್ನ ಅಮೆಜಾನ್ ಕಾಡನ್ನು ಮೇಲಿನಿಂದ ಅಳೆಯುತ್ತಿದೆ. 2004ರಲ್ಲಿ ಸುಮಾರು 27,800 ಚದರ ಕಿಲೋಮೀಟರ್ ಕಾಡು ಹೋಗಿತ್ತು. ಆ ವರ್ಷ ಶುರುವಾದ ಎಚ್ಚರಿಕೆ ವ್ಯವಸ್ಥೆಯ ಬಲದಿಂದ ಅಧಿಕಾರಿಗಳು ಸ್ಥಳಕ್ಕೆ ಹೋಗಿ ದಂಡ ಹಾಕತೊಡಗಿದರು. ಬೇರೆ ಕ್ರಮಗಳೂ ಕೂಡಿ 2012ಕ್ಕೆ ಅದು ಸುಮಾರು 4,600ಕ್ಕೆ ಇಳಿಯಿತು. ಅಲ್ಲಿ ಕಾರಣವನ್ನು ಆಕಾರವೇ ಹೇಳುತ್ತದೆ. ರೊಂಡೋನಿಯಾ ರಾಜ್ಯದಲ್ಲಿ ಒಂದು ಹೆದ್ದಾರಿ, ಅದರಿಂದ ಎರಡೂ ಕಡೆ ಕವಲೊಡೆದ ಸಣ್ಣ ರಸ್ತೆಗಳು, ರಸ್ತೆಯ ಉದ್ದಕ್ಕೂ ಬೋಳಾದ ಪಟ್ಟಿಗಳು. ಮೇಲಿನಿಂದ ಮೀನಿನ ಮುಳ್ಳಿನ ಹಾಗೆ. ತಾಳೆ ಎಣ್ಣೆಯ ತೋಟ ಗೆರೆ ಎಳೆದಂತೆ ಚೌಕಚೌಕ. ಕಾಡ್ಗಿಚ್ಚಿಗೆ ಅಂಚು ನೆಟ್ಟಗಿರುವುದಿಲ್ಲ. ಕಡಿದ ಮೇಲೆ ಮುಂದಿನ ವರ್ಷಗಳಲ್ಲಿ ಅಲ್ಲಿ ಏನು ಬೆಳೆಯಿತು ಎಂಬುದು ಇನ್ನೊಂದು ಸುಳಿವು. ಹುಲ್ಲಾದರೆ ದನ, ಸಾಲಾದರೆ ನೆಡುತೋಪು, ಗುಂಡಿಯಾದರೆ ಗಣಿ.

ಈ ಸುಳಿವುಗಳಿಂದ ಇಡೀ ಜಗತ್ತಿನ ಕಾಡಿನ ನಷ್ಟಕ್ಕೆ ಕಾರಣ ಹಚ್ಚುವ ಕೆಲಸವನ್ನು ಫಿಲಿಪ್ ಕರ್ಟಿಸ್ ಮತ್ತು ಸಂಗಡಿಗರು 2018ರಲ್ಲಿ ಮಾಡಿದರು. 2001ರಿಂದ 2015ರವರೆಗಿನ ನಷ್ಟದಲ್ಲಿ 27 ಶೇಕಡಾ ಸೋಯಾ, ತಾಳೆ, ದನದ ಮಾಂಸ, ಗಣಿಯಂಥ ಮಾರುಕಟ್ಟೆಯ ಸರಕಿಗಾಗಿ ಶಾಶ್ವತವಾಗಿ ತೆರವಾದದ್ದು, 26 ನಾಟಾ ಮತ್ತು ನೆಡುತೋಪಿನ ಕಟಾವು, 24 ಸ್ಥಳ ಬದಲಿಸುವ ಬೇಸಾಯ, 23 ಬೆಂಕಿ. ನಗರ ಬೆಳೆದದ್ದರಿಂದ ಹೋದದ್ದು 0.6.

ವರದಿಯ ಈ ಭಾಗಕ್ಕೆ ಬಂದಾಗ ಮೂಲ ಪ್ರಬಂಧವನ್ನೇ ತೆರೆದು ಓದಿದೆ. ಅದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅಂಕಿಯಲ್ಲ. ಕಂಪ್ಯೂಟರಿಗೆ ಕಾರಣ ಗುರುತಿಸಲು ಕಲಿಸುವ ಮುನ್ನ ಮನುಷ್ಯರು ಕೂತು, ಗೂಗಲ್ ಅರ್ಥ್‌ನ ಚಿತ್ರಗಳಲ್ಲಿ ಸಾವಿರಾರು ಚೌಕಗಳನ್ನು ಕಣ್ಣಿಂದ ನೋಡಿ, ಇದು ಬೆಂಕಿ, ಇದು ಗಣಿ, ಇದು ಬೇಸಾಯ ಎಂದು ಹೆಸರಿಟ್ಟಿದ್ದಾರೆ. ಎಂದರೆ ಕಾರಣ ಆಕಾಶದಿಂದ ಬಂದದ್ದಲ್ಲ. ಯಾರೋ ಮೇಜಿನ ಮುಂದೆ ಕೂತು ಪದ ಆರಿಸಿದ್ದಾರೆ. ನಮ್ಮದೇ ಕಸುಬು! ಅವರ ಚೌಕ 10 ಕಿಲೋಮೀಟರ್ ಉದ್ದಗಲದ್ದು, ಒಂದು ಚೌಕಕ್ಕೆ ಒಂದೇ ಮುಖ್ಯ ಕಾರಣ. ಮುಂಬಯಿಯ ಮೇಲೆ ಅಂಥ ಒಂದು ಚೌಕ ಇಟ್ಟರೆ ಆರೆ, ಪವಾಯಿ ಕೆರೆ, ರಾಷ್ಟ್ರೀಯ ಉದ್ಯಾನದ ಒಂದು ಭಾಗ, ನಮ್ಮ ಸೊಸೈಟಿ ಎಲ್ಲ ಒಂದರಲ್ಲೇ ಕೂರುತ್ತವೆ. 2025ರಲ್ಲಿ ಬಂದ ಹೊಸ ನಕ್ಷೆ ಚೌಕವನ್ನು ಒಂದು ಕಿಲೋಮೀಟರಿಗೆ ಇಳಿಸಿದೆ, ಕಾರಣಗಳನ್ನು ಏಳಕ್ಕೆ ಏರಿಸಿದೆ, ಅವುಗಳಲ್ಲಿ ‘ವಸತಿ ಮತ್ತು ಮೂಲಸೌಕರ್ಯ’ ಒಂದು. ಕಾರ್ ಶೆಡ್ಡಿಗೆ ಸಲ್ಲುವ ಹೆಸರು ಅದು. ಸರಿಯಾದ ಹೆಸರೇ. ಆದರೆ ಕಡಿದ‘ರು’ ಎಂಬಲ್ಲಿನ ‘ರು’ ಅದರಲ್ಲಿಲ್ಲ. ಯಾರ ಸಹಿ, ಯಾವ ಪರ್ಯಾಯ ಜಾಗ ಬಿಟ್ಟು ಈ ಜಾಗ, ಯಾಕೆ ರಾತ್ರಿ, ಇವಕ್ಕೆ ಕೋರ್ಟಿನ ಕಡತ ಓದಬೇಕು, ಪಾಡಕ್ಕೆ ಹೋಗಬೇಕು.

ಮಳೆಗಾಲದಲ್ಲಿ ನಮ್ಮ ಸ್ಟೇಷನ್ನಿನ ಹೊರಗೆ ಆರೆಯ ಪಾಡಗಳ ಹೆಂಗಸರು ಕಾಡುಸೊಪ್ಪು ಮಾರಲು ಕೂರುತ್ತಾರೆ. ಟಾಕಳಾ ಅವರಲ್ಲಿ ಸಿಗುತ್ತದೆ, ನಮ್ಮ ಕಡೆಯ ತಗಚೆ ಸೊಪ್ಪು. ಕಳೆದ ಆಷಾಢದಲ್ಲಿ ಒಬ್ಬ ಮಾವಶಿಯ ಹತ್ತಿರ ಕೊಳ್ಳುವಾಗ, ಈ ಸಲ ಕಟ್ಟು ಸಣ್ಣದಾಯಿತಲ್ಲ ಎಂದೆ. ಆ ಕಡೆ ಈಗ ಸಿಗುವುದಿಲ್ಲ, “ಝಾಡಂ ತೋಡ್ಲೀ” ಎಂದಳು. ಮರಾಠಿಯ ಈ ವಾಕ್ಯವನ್ನು ತರಗತಿಯಲ್ಲಿ ನೂರು ಸಲ ಬಿಡಿಸಿದ್ದೆವು. ಭೂತಕಾಲದ ಸಕರ್ಮಕ ಕ್ರಿಯಾಪದ ಮರಾಠಿಯಲ್ಲಿ ಕರ್ಮವನ್ನು ಅನುಸರಿಸುತ್ತದೆ. ‘ತೋಡ್ಲೀ’ಯ ಬಾಲ ಹೊಂದಿಕೊಂಡದ್ದು ಮರಗಳಿಗೆ, ಕಡಿದವರಿಗಲ್ಲ. ಕರ್ತೃವನ್ನು ಬಿಟ್ಟರೆ ಕನ್ನಡದ ಹಾಗೆ ಒಂದು ‘ಅರು’ವೂ ಉಳಿಯುವುದಿಲ್ಲ. “ಕೋಣೀ?” ಎಂದು ಕೇಳಿದೆ, ಯಾರು ಅಂತ. “ಸಗಳ್ಯಾಂನೀ.” ಎಲ್ಲರೂ. ಚಿಲ್ಲರೆ ಎಣಿಸಿ ಕೊಟ್ಟಳು. ಮೆಟ್ರೊ 2024ರ ಅಕ್ಟೋಬರಿನಲ್ಲಿ ಓಡತೊಡಗಿದೆ, ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕೆಲಸವಿದ್ದಾಗ ನಾನು ಅದರಲ್ಲೇ ಹೋಗುತ್ತೇನೆ. ಲೋಕಲ್ ರೈಲಿನ ನೂಕಾಟ ಬಲ್ಲ ಯಾರೂ ಅದನ್ನು ಬೇಡ ಎನ್ನಲಾರರು. ಶೆಡ್ಡು ಅಲ್ಲೇ ಆಗಬೇಕಿತ್ತೇ ಎಂಬುದು ಬೇರೆ ಪ್ರಶ್ನೆ, ನನ್ನ ಉತ್ತರ ಈಗಲೂ ಇಲ್ಲ ಎಂದೇ.

ಪದ ಆರಿಸುವವರ ಕೈಯಲ್ಲಿ ಎಷ್ಟಿದೆ ಎಂಬುದಕ್ಕೆ ‘ಸ್ಥಳ ಬದಲಿಸುವ ಬೇಸಾಯ’ವೇ ಸಾಕ್ಷಿ. ಪಠ್ಯಪುಸ್ತಕ ಅದನ್ನು ಸ್ಥಳಾಂತರ ಬೇಸಾಯ ಎನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕುಮರಿ ಎಂಬ ಹೆಸರೇ ಇದೆ. ಒಂದು ತುಂಡು ಕಾಡು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಒಂದೆರಡು ವರ್ಷದ ಮೇಲೆ ಬಿಟ್ಟು ಮುಂದೆ ಹೋಗುವುದು, ಬಿಟ್ಟಲ್ಲಿ ಕಾಡು ಮತ್ತೆ ಬೆಳೆಯುವುದು. ಕುಮರಿ ಮರಾಠಿಗರ ಹೆಸರಿನಲ್ಲೇ ಅದು ಉಳಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕುಮರಿಯನ್ನು ಕಾಡಿನ ಶತ್ರುವೆಂದು ನಿರ್ಬಂಧಿಸಿದರು. ಸಾಗುವಾನಿಯನ್ನು ಹಡಗಿಗೂ ರೈಲಿಗೂ ಸಾಗಿಸುತ್ತಿದ್ದವರು ಅವರೇ. ಇವತ್ತಿನ ನಕ್ಷೆಯಲ್ಲಿ ಭಾರತದ ಗುಲಾಬಿ ಚುಕ್ಕೆಗಳು ದಟ್ಟವಾಗಿರುವುದು ಈಶಾನ್ಯ ರಾಜ್ಯಗಳಲ್ಲಿ, ಅಲ್ಲಿ ಝೂಮ್ ಬೇಸಾಯ ಇನ್ನೂ ಇದೆ. ಕಡಿದ ವರ್ಷ ಚುಕ್ಕೆ ಬೀಳುತ್ತದೆ, ಹತ್ತು ವರ್ಷದಲ್ಲಿ ಕಾಡು ಎದ್ದರೂ ಚುಕ್ಕೆ ಅಳಿಯುವುದಿಲ್ಲ. ನಕ್ಷೆ ಮಾಡಿದವರು ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಸುದ್ದಿ ಮಾಡುವವರು ಓದುವುದಿಲ್ಲ. ನಾನು ‘ಕುಮರಿ ಮಾದರಿಯ ಬೇಸಾಯ’ ಎಂದು ಹಾಕಿದೆ. ಓದುವವರಿಗೆ ಕನಿಷ್ಠ ಅದೊಂದು ಪದ್ಧತಿ, ದರೋಡೆಯಲ್ಲ ಎಂದಾದರೂ ಅನ್ನಿಸಲಿ.

ಕಾರಣವನ್ನು ಮೇಲಿನಿಂದ ಕಾಣುವುದು ಸಾಧ್ಯವೇ ಇಲ್ಲದ ಜಾಗ ಮುಂಬಯಿಯಲ್ಲೇ ಇದೆ: ಖಾರಿಗಳ ದಂಡೆಯ ಕಾಂಡ್ಲಾ ಕಾಡು, ಮ್ಯಾಂಗ್ರೋವ್. ಬಾಂಬೆ ಹೈಕೋರ್ಟ್ 2005ರಲ್ಲಿ ಅದನ್ನು ಕಡಿಯುವುದನ್ನು ನಿಷೇಧಿಸಿ, ಉಪಗ್ರಹದ ಚಿತ್ರಗಳ ಸಹಾಯದಿಂದ ನಕ್ಷೆ ಮಾಡಿಸಲು ಆದೇಶಿಸಿತು. ಒಳ್ಳೆಯ ಆದೇಶ, ಬಹಳಷ್ಟು ಉಳಿದದ್ದು ಅದರಿಂದ. ಆದರೆ ಕಾಂಡ್ಲಾವನ್ನು ಕೊಲ್ಲಲು ಕೊಡಲಿ ಬೇಡ. ಭರತದ ನೀರು ಒಳಬರುವ ಬಾಯಿಗೆ ಕಟ್ಟಡದ ಅವಶೇಷ ಸುರಿದು ಮುಚ್ಚಿದರೆ ಸಾಕು, ಮರಗಳು ನಿಂತಲ್ಲೇ ಒಣಗುತ್ತವೆ. ಮೇಲಿನಿಂದ ನೋಡಿದರೆ ಹಸಿರು ನಿಧಾನವಾಗಿ ಕಂದಾಗುತ್ತದೆ. ರೋಗವೋ, ಉಪ್ಪೋ, ಏನೋ. ಕಾರಣ ಇರುವುದು ಅಲ್ಲಿಂದ ಇನ್ನೂರು ಮೀಟರ್ ಆಚೆ ಎರಡು ಲಾರಿ ಮಣ್ಣಿನಲ್ಲಿ. ಅಲ್ಲಿ ‘ಕಡಿದರು’ ಎನ್ನಲೂ ಬರುವುದಿಲ್ಲ, ಯಾಕೆಂದರೆ ಯಾರೂ ಕಡಿದಿಲ್ಲ.

ಇನ್ನು ನಮ್ಮ ಸರ್ಕಾರಿ ಲೆಕ್ಕ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಸುಮಾರು ಎರಡೆರಡು ವರ್ಷಕ್ಕೆ ವರದಿ ಕೊಡುತ್ತದೆ. ಮಳೆಗಾಲದ ಮೋಡ ತಪ್ಪಿಸಿ, ಎಲೆ ಉದುರುವ ಮುನ್ನ, ಅಕ್ಟೋಬರಿನಿಂದ ಆಚೆಯ ಚಿತ್ರಗಳನ್ನು ಬಳಸುತ್ತದೆ. 2023ರ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿಲೋಮೀಟರ್, ನೆಲದ 21.76 ಶೇಕಡಾ. ಒಂದು ಹೆಕ್ಟೇರಿಗಿಂತ ಹೆಚ್ಚು ಜಾಗದಲ್ಲಿ ಮರದ ನೆರಳು 10 ಶೇಕಡಾ ದಾಟಿದರೆ ಅದು ಅರಣ್ಯ ಹೊದಿಕೆ. ಯಾರ ಸ್ವತ್ತು, ಯಾವ ಮರ ಎಂಬುದು ಲೆಕ್ಕಕ್ಕಿಲ್ಲ. ಮಾವಿನ ತೋಪು, ತೆಂಗು, ರಬ್ಬರು, ಕಾಫಿ ತೋಟದ ನೆರಳು ಎಲ್ಲ ಸೇರುತ್ತದೆ. ಇತ್ತ ಕಾನೂನಿನಲ್ಲಿ ಬೇರೆಯದೇ ಕಥೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ತಿಳಿಯಬೇಕು ಎಂದಿತು. ನಿಘಂಟಿಗೆ ಇಷ್ಟು ಮರ್ಯಾದೆ ಕೊಟ್ಟ ಇನ್ನೊಂದು ತೀರ್ಪು ನನಗೆ ಗೊತ್ತಿಲ್ಲ. 2023ರ ತಿದ್ದುಪಡಿ ಅದನ್ನು ದಾಖಲೆಗಳಲ್ಲಿ ಅರಣ್ಯವೆಂದಿರುವ ಜಾಗಗಳಿಗೆ ಕುಗ್ಗಿಸಿತು. 2024ರ ಫೆಬ್ರುವರಿಯಲ್ಲಿ ಕೋರ್ಟು, ಸದ್ಯಕ್ಕೆ ನಿಘಂಟಿನ ಅರ್ಥವನ್ನೇ ಪಾಲಿಸಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಹಾಗಾಗಿ ಒಂದೇ ದೇಶದಲ್ಲಿ ತೆಂಗಿನ ತೋಟ ಅರಣ್ಯ ಹೊದಿಕೆಯಾಗಬಹುದು, ಚಿರತೆ ಓಡಾಡುವ ಆರೆ ಅರಣ್ಯವಲ್ಲವಾಗಬಹುದು.

ಊರಿನಲ್ಲಿ ಇದರ ಇನ್ನೊಂದು ಮುಖ ಕಂಡೆ. ಸಿದ್ದಾಪುರ, ಶಿರಸಿ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟವಿರುತ್ತದೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಅದು ಅರಣ್ಯದ ಜಾಗ. ಸೊಪ್ಪು ಸವರಿ ಗೊಬ್ಬರಕ್ಕೆ ತರುವ ಹಕ್ಕು ನಮ್ಮದು, ನೆಲ ನಮ್ಮದಲ್ಲ. ಹೋದ ದೀಪಾವಳಿಗೆ ಹೋದಾಗ ಚಿಕ್ಕಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಊರ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿ ಒಂದೊಂದೇ ಗುಲಾಬಿ ಚುಕ್ಕೆಗೆ ಹೆಸರು ಹೇಳಿದರು. ಗುಡ್ಡದ ನೆತ್ತಿಯದು ಇಲಾಖೆಯವರ ಅಕೇಶಿಯಾ ಕಟಾವು, ಮತ್ತೆ ನೆಟ್ಟೂ ಆಗಿದೆ. ಉದ್ದಕ್ಕೆ ಗೆರೆಯ ಹಾಗಿರುವುದು ಕರೆಂಟಿನ ಲೈನು. ಹೊಳೆಯ ಪಕ್ಕದ್ದು ಗಾಳಿಮಳೆಗೆ ಬಿದ್ದ ಮರಗಳು. ಅಂತೂ ವಿಜ್ಞಾನಿಗಳ ಏಳು ಕಾರಣಗಳಲ್ಲಿ ಮೂರು ನಮ್ಮ ಒಂದು ಹಳ್ಳಿಯಲ್ಲೇ ಸಿಕ್ಕವು.

ನಮ್ಮ ಬೆಟ್ಟದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅಲ್ಲಿ ಕೆಳಗಿನ ಒಂದೂವರೆ ಎಕರೆ ಈಗ ಅಡಿಕೆ. ಊರಿನ ಹಲವರು ಮಾಡಿದ್ದನ್ನೇ ಚಿಕ್ಕಪ್ಪನೂ ಮಾಡಿದ್ದಾರೆ. ಮೊದಲು ಮತ್ತಿ, ಹೊನ್ನೆ ಮರಗಳ ನೆರಳಿನಲ್ಲೇ ಅಡಿಕೆ ಸಸಿ ಇಟ್ಟರು, ಸಸಿ ಮೇಲೆದ್ದ ಹಾಗೆ ವರ್ಷಕ್ಕೆ ಎರಡು ಮೂರು ಮರ ತೆಗೆದರು. ಹದಿನೈದು ವರ್ಷದ ಕೆಲಸ. ಯಾವ ವರ್ಷವೂ ಒಂದು ಚೌಕ ಪೂರ್ತಿ ಬೋಳಾಗಲಿಲ್ಲ. ಹಸಿರು ಹೋಗಿ ಹಸಿರು ಬಂತು. ಹ್ಯಾನ್ಸನ್‌ನ ನಕ್ಷೆಯಲ್ಲೂ ಇಲ್ಲ, ಡೆಹ್ರಾಡೂನಿನ ಲೆಕ್ಕದಲ್ಲಿ ನೆರಳು ಹೆಚ್ಚೇ ಆಗಿದ್ದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ಉಪಗ್ರಹಗಳ ಚಿತ್ರವನ್ನು ಕಾಡಿನ ಬಗೆಯ ಪ್ರಕಾರ ಬೇರ್ಪಡಿಸಿ ನೋಡಿದಾಗ, ಉತ್ತರ ಕನ್ನಡದ ನಿತ್ಯಹರಿದ್ವರ್ಣ ಕಾಡು 1973ರಲ್ಲಿ ಜಿಲ್ಲೆಯ ಮೂರನೆಯ ಎರಡು ಭಾಗದಷ್ಟಿದ್ದದ್ದು 2013ಕ್ಕೆ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಅಣೆಕಟ್ಟು, ರಸ್ತೆ, ನೆಡುತೋಪುಗಳ ಜೊತೆ ತೋಟಗಳೂ ಆ ಕಾರಣಗಳ ಪಟ್ಟಿಯಲ್ಲಿವೆ. ನನ್ನ ಕಾಲೇಜಿನ ಫೀಸು ಬಂದದ್ದು ಅಪ್ಪನ ಸಂಬಳದಿಂದ ಮಾತ್ರ ಅಲ್ಲ, ಊರಿನ ಅಡಿಕೆಯ ಪಾಲಿನಿಂದಲೂ.

ಇದನ್ನು ಹೇಗೆ ಕೇಳಬೇಕೋ ತಿಳಿಯದೆ, ಇಲ್ಲಿ ಏನೂ ತೋರಿಸುತ್ತಿಲ್ಲವಲ್ಲ ಚಿಕ್ಕಪ್ಪ ಎಂದೆ. ಅವರಿಗೆ ಅರ್ಥವಾಯಿತು. “ಅಡಿಕೇನೂ ಮರವೇ ಅಲ್ದನೇ ತಂಗಿ” ಎಂದು ನಕ್ಕರು.

ಆಮೇಲೆ ಕವಳದ ಹರಿವಾಣ ಹತ್ತಿರ ಎಳೆದುಕೊಂಡು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಎರಡು ಮೂರು ವರ್ಷದಿಂದ ತೋಟಕ್ಕೆ ಎಲೆಚುಕ್ಕಿ ರೋಗ ಹಿಡಿದಿದೆ, ಹೆಡೆಗಳು ಹಳದಿಯಾಗಿ ಜೋಲುತ್ತಿವೆ, ಔಷಧಿ ಹೊಡೆಸಲು ಆಳು ಸಿಗುವುದಿಲ್ಲ. ಮೇಲಿನ ಗದ್ದೆಯವರ ತೋಟದಲ್ಲೂ ಬಂದಿದೆಯೋ ಇಲ್ಲವೋ ಇದರಲ್ಲಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಇಷ್ಟು ದೊಡ್ಡ ಚುಕ್ಕೆಯಲ್ಲಿ ಎಲೆಯ ಚುಕ್ಕಿ ಕಾಣುವುದಿಲ್ಲ ಎಂದೆ. ಹಾಗಾದರೆ ನಾಳೆ ಹೋಗಿ ನೋಡಿಯೇ ಬರುತ್ತೇನೆ ಎಂದರು.